ಮೂರು ಸಲ ಕೇಳಬೇಕು

ನೋಯ್ಡಾದ ಒಂದು ಶಾಲೆಯಲ್ಲಿ ನಾನು ಕೌನ್ಸೆಲರ್. ಹನ್ನೆರಡನೇ ಕ್ಲಾಸಿನ ಮಕ್ಕಳಿಗೆ ಯಾವ ಕಾಲೇಜು, ಯಾವ ಕೋರ್ಸು, ಅರ್ಜಿ ಹಾಕುವುದು ಹೇಗೆ ಎಂದು ಹೇಳಿಕೊಡುವುದು ನನ್ನ ಕೆಲಸ. ಊರಿನ ನೆಂಟರಿಗೆ ಇದು ಅರ್ಥವಾಗುವುದಿಲ್ಲ. ಕೌನ್ಸೆಲರ್ ಅಂದರೆ ತಲೆ ಕೆಟ್ಟವರನ್ನು ಸರಿಮಾಡುವವಳು ಎಂದುಕೊಂಡು ಮದುವೆ ಮನೆಗಳಲ್ಲಿ ನನ್ನಿಂದ ಒಂದು ಕುರ್ಚಿ ದೂರ ಕೂರುತ್ತಾರೆ. ನಾನೂ ತಿದ್ದಲು ಹೋಗಿಲ್ಲ. ಅರ್ಜಿಯ ಸೀಸನ್ನಿನಲ್ಲಿ ನನ್ನ ಕೋಣೆಗೆ ಬರುವ ಅಪ್ಪ ಅಮ್ಮಂದಿರನ್ನು ನೋಡಿದರೆ ನೆಂಟರು ಹೇಳುವುದೇ ನಿಜ ಅನ್ನಿಸುತ್ತದೆ.

ತಮಾಷೆಗಳನ್ನು ನಾನು ಹುಡುಕಿಕೊಂಡು ಹೋಗುವುದಿಲ್ಲ. ಅವೇ ಬಾಗಿಲು ತಟ್ಟಿ ಒಳಗೆ ಬಂದು, ನನ್ನ ಮೇಜಿನ ಮುಂದೆ ಕೂತು, ಬ್ಯಾಗು ತೊಡೆಯ ಮೇಲಿಟ್ಟುಕೊಳ್ಳುತ್ತವೆ. ಈಗ ಹೇಳುವವು ಹೆಚ್ಚೂಕಡಿಮೆ ಒಂದೇ ಮನೆಯವು. ಘಾಜಿಯಾಬಾದಿನಲ್ಲಿರುವ ಕನ್ನಡದ ಸಂಸಾರ ಅದು. ಅಪ್ಪ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಸೆಕ್ಷನ್ ಆಫೀಸರ್. ಅಮ್ಮ ಮನೆಯಲ್ಲಿ. ಒಬ್ಬಳೇ ಮಗಳು, ಮಾರ್ಕ್ಸಿನ ಬಲದ ಮೇಲೆ ಫೀಸು ಮಾಫಿ ಮಾಡಿಸಿಕೊಂಡು ನಮ್ಮ ಶಾಲೆಯಲ್ಲಿ ಓದುತ್ತಿದ್ದಳು.

ಹುಡುಗಿಗೆ ಎರಡು ಹುಚ್ಚು. ಒಂದು ಹಕ್ಕಿ, ಇನ್ನೊಂದು ಸಂಗೀತ. ಭಾನುವಾರ ಬೆಳಿಗ್ಗೆ ಓಖ್ಲಾ ಬ್ಯಾರೇಜಿನ ಹತ್ತಿರ ಯಮುನೆಯ ದಡದಲ್ಲಿ ನಿಂತು ಹಕ್ಕಿಗಳ ಕೂಗನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದು, ಅದು ಯಾವ ಸ್ವರ ಎಂದು ಹಾರ್ಮೋನಿಯಂನಲ್ಲಿ ಹುಡುಕುತ್ತಿದ್ದಳು. ಈ ಎರಡನ್ನೂ ಒಟ್ಟಿಗೆ ಓದಲು ಬಿಡುವ ಒಂದು ಸಣ್ಣ ಕಾಲೇಜು ಅಮೆರಿಕದಲ್ಲಿದೆ ಎಂದು ಅವಳಿಗೆ ಗೊತ್ತಾಯಿತು. ನನಗೂ ಗೊತ್ತಿತ್ತು. ಅಲ್ಲಿಂದ ಶುರುವಾಯಿತು ಎಲ್ಲ.

೧. ಅರ್ಧ ಲೋಟ

ಅಪ್ಪ ಮೊದಲ ಸಲ ನನ್ನನ್ನು ನೋಡಲು ಬಂದದ್ದು ಆಫೀಸಿಗೆ ಅರ್ಧ ದಿನ ರಜೆ ಹಾಕಿ. ತುಂಬುತೋಳಿನ ಶರಟು, ಜೇಬಿನಲ್ಲಿ ಪೆನ್ನು, ಕುರ್ಚಿಯ ತುದಿಯಲ್ಲಿ ಕೂತಿದ್ದರು. ನಮ್ಮ ಶಾಲೆಯ ಪ್ಯೂನ್ ಭಯ್ಯಾ ಬಂದು ಚಾಯ್ ತರಲೇ ಎಂದು ಕೇಳಿದ. ಇವರು ನಹೀ ನಹೀ, ಈಗಷ್ಟೇ ಕುಡಿದು ಬಂದೆ ಅಂದರು. ಅವನು ಅಚ್ಛಾ ಎಂದು ಹೊರಟುಹೋದ. ಇವರು ನನ್ನ ಜೊತೆ ಮಾತಾಡುತ್ತಲೇ ಬಾಗಿಲ ಕಡೆ ನೋಡುತ್ತಿದ್ದರು.

ನಾನೂ ಹಾಸನದ ಕಡೆಯವಳು. ಈ ಕಾಯಿಲೆ ನನಗೆ ಚೆನ್ನಾಗಿ ಗೊತ್ತು. ಎರಡನೇ ಸಲ ಕೇಳಿದೆ, ಯಾಕೆ ಸುಮ್ಮನೆ ತೊಂದರೆ ಅಂದರು. ಮೂರನೇ ಸಲ ಕೇಳಿದೆ.

"ನೀವು ಇಷ್ಟು ಹೇಳ್ತೀರಿ ಅಂದ್ಮೇಲೆ... ಅರ್ಧ ಲೋಟ ಸಾಕು ಮೇಡಂ."

ಪ್ಯೂನ್ ಭಯ್ಯಾನಿಗೆ ಅರ್ಧ ಲೋಟದ ಲೆಕ್ಕ ತಿಳಿಯದು. ತುಂಬಿದ ಲೋಟವನ್ನೇ ತಂದಿಟ್ಟ. ಇವರು ಕೊನೆಯ ಗುಟುಕಿನವರೆಗೆ ಕುಡಿದು, ಮುಖ ಒರೆಸಿಕೊಂಡು, ಈಗ ವಿಷಯಕ್ಕೆ ಬರೋಣ ಅಂದರು.

ವಿಷಯ ಲಿಬರಲ್ ಆರ್ಟ್ಸ್. ಮಗಳು ಬಯಾಲಜಿಯಲ್ಲಿ ಶಾಲೆಗೇ ಮೊದಲು, ಅವಳನ್ನು ಹೋಗಿ ಹೋಗಿ ಆರ್ಟ್ಸಿಗೆ ಯಾಕೆ ಕಳಿಸಬೇಕು ಎಂಬುದು ಅವರ ಮೊದಲ ಪ್ರಶ್ನೆ. ಅವಳಿಗೆ ಒಂದು ಮಾವಿನಕಾಯಿಯ ಚಿತ್ರ ಬಿಡಿಸಲೂ ಬರುವುದಿಲ್ಲವಂತೆ. ಎರಡನೇ ಪ್ರಶ್ನೆಗೆ ಮುಂಚೆ ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು. ತಾನು ಸರ್ಕಾರಿ ನೌಕರ, ಲಿಬರಲ್ ಗಿಬರಲ್ ಅಂದರೆ ನಾಳೆ ಆಫೀಸಿನಲ್ಲಿ ಏನಾದರೂ ಕೇಳಿದರೆ ಏನು ಹೇಳುವುದು ಎಂದು ತಗ್ಗಿದ ದನಿಯಲ್ಲಿ ಕೇಳಿದರು.

ಅದು ರಾಜಕೀಯವಲ್ಲ, ಚಿತ್ರಕಲೆಯೂ ಅಲ್ಲ, ಒಂದೇ ವಿಷಯಕ್ಕೆ ಕಟ್ಟಿಹಾಕದೆ ಎರಡು ಮೂರು ವಿಷಯ ಸೇರಿಸಿ ಓದಲು ಬಿಡುತ್ತಾರೆ ಅಷ್ಟೇ, ಹಕ್ಕಿಯನ್ನೂ ಓದಬಹುದು ಸಂಗೀತವನ್ನೂ ಓದಬಹುದು ಎಂದು ವಿವರಿಸಿದೆ. ಎರಡಕ್ಕೂ ಸೇರಿ ಒಂದೇ ಫೀಸಾ ಎಂದು ಕೇಳಿದರು. ಹೌದು ಅಂದೆ. ಸ್ವಲ್ಪ ಸಮಾಧಾನವಾಯಿತು. ಆಮೇಲೆ ಆ ಫೀಸು ಎಷ್ಟು ಅಂತ ಹೇಳಿದೆ. ಸಮಾಧಾನ ಹೋಯಿತು.

ನಾನು ಅವಸರವಾಗಿ ಮುಂದಿನದನ್ನೂ ಹೇಳಿದೆ. ಅಂಥ ಕೆಲವು ಕಾಲೇಜುಗಳು ಹೊರದೇಶದ ಮಕ್ಕಳಿಗೂ ಹಣಸಹಾಯ ಕೊಡುತ್ತವೆ. ಮನೆಯವರ ಕೈಯಲ್ಲಿ ಎಷ್ಟಾಗುತ್ತದೋ ಅಷ್ಟು ಮನೆಯವರು, ಉಳಿದದ್ದು ಕಾಲೇಜು. ಹೆಚ್ಚುಕಡಿಮೆ ಎಲ್ಲವನ್ನೂ ಅವರೇ ಕೊಟ್ಟರೆ ಮಾತ್ರ ಈ ಹುಡುಗಿ ಹೋಗಲು ಸಾಧ್ಯ, ಇಲ್ಲದಿದ್ದರೆ ಇಲ್ಲ. ಆದರೆ ಕೊಡಿ ಎಂದು ಕೇಳಬೇಕು.

"ನಾವಾಗಿ ಕೇಳ್ಬೇಕಾ?" ಅಂದರು. ಹೂಂ ಅಂದೆ. ಅವರ ಮುಖ ಸಣ್ಣದಾಯಿತು.

"ಲಿಬರಲ್ ಅಂದ್ರೆ ಧಾರಾಳ ಅಂತಲ್ವಾ ಮೇಡಂ? ಕೇಳದೇ ಕೊಡಲ್ವಾ?"

೨. ಬಾವಿಯಲ್ಲಿ ಪಾಲು

ಹಣಸಹಾಯ ಬೇಕಾದವರು ಮನೆಯ ಆಸ್ತಿಪಾಸ್ತಿಯನ್ನೆಲ್ಲ ಕಾಲೇಜಿಗೆ ತಿಳಿಸಬೇಕು. ಇಲ್ಲಿ ಮನುಷ್ಯರು ಎರಡು ಜಾತಿ.

ಒಂದು ಜಾತಿಗೆ ಸೇರಿದ ನೋಯ್ಡಾದ ಒಬ್ಬ ಅಪ್ಪ ಅದೇ ವಾರ ಬಂದಿದ್ದರು. ಅವರ ಕಾರು ನಮ್ಮ ಗೇಟಿನೊಳಗೆ ಹಿಡಿಸುವುದಿಲ್ಲ, ಅಷ್ಟು ದೊಡ್ಡದು. ಅದನ್ನು ಮೆಟ್ರೊ ಸ್ಟೇಷನ್ನಿನ ಹತ್ತಿರ ನಿಲ್ಲಿಸಿ, ಸೈಕಲ್ ರಿಕ್ಷಾದಲ್ಲಿ ಬಂದು, ನನ್ನ ಮುಂದೆ ಬೆವರು ಒರೆಸಿಕೊಂಡರು. ಮಗನಿಗೆ ಪೂರ್ತಿ ಸಹಾಯ ಬೇಕಂತೆ, ತಾವು ಬಹಳ ಕಷ್ಟದಲ್ಲಿದ್ದಾರಂತೆ. ಅಷ್ಟರಲ್ಲಿ ಡ್ರೈವರ್ ಫೋನ್ ಮಾಡಿ ಕಾರು ಎಲ್ಲಿಗೆ ತರಲಿ ಎಂದು ಕೇಳಿದ. ಯಾವ ಕಾರು, ನೀನು ಯಾರು ಎಂದು ಇವರು ಫೋನಿಟ್ಟರು.

ನಮ್ಮ ಘಾಜಿಯಾಬಾದಿನ ಅಪ್ಪ ಇನ್ನೊಂದು ಜಾತಿ. ವರ್ಷ ವರ್ಷ ಸರ್ಕಾರಕ್ಕೆ ಆಸ್ತಿ ವಿವರ ಸಲ್ಲಿಸಿ ಅಭ್ಯಾಸವಾದ ಮನುಷ್ಯ. ಸಾಲದಲ್ಲಿ ಕೊಂಡ ಫ್ಲ್ಯಾಟು, ಹಳೆಯ ಸ್ಕೂಟರು, ಹೆಂಡತಿಯ ಬಳೆಗಳು, ಮಾವ ಕೊಟ್ಟ ಹಿತ್ತಾಳೆ ಹಂಡೆ, ಎಲ್ಲವನ್ನೂ ಬರೆದರು. ಹಂಡೆ ಬೇಡ ಎಂದು ನಾನು ಬೇಡಿಕೊಂಡೆ. ಮುಚ್ಚಿಟ್ಟ ಹಾಗೆ ಆಗುವುದಿಲ್ಲವೇ ಅಂದರು. ಕೊನೆಗೆ ಕಡೂರಿನ ಹತ್ತಿರದ ತಮ್ಮ ಊರಿನಲ್ಲಿ ಅಣ್ಣತಮ್ಮಂದಿರ ಜೊತೆ ಒಂದು ಬಾವಿಯಲ್ಲಿ ಕಾಲು ಪಾಲು ಇದೆ ಎಂದೂ ಬರೆದು, ಅದರ ಬೆಲೆಯ ಜಾಗದಲ್ಲಿ 'ಹೇಳಲಾಗದು' ಎಂದು ಹಾಕಿದರು.

ಕಾಲೇಜಿನಲ್ಲಿ ಹಣಸಹಾಯದ ವಿಭಾಗಕ್ಕೆ ಒಬ್ಬ ಹೆಂಗಸು ಮುಖ್ಯಸ್ಥೆ. ಅವರಿಂದ ನನಗೆ ಬಹಳ ಗಂಭೀರವಾದ ಒಂದು ಇಮೇಲ್ ಬಂತು. ಈ ಕುಟುಂಬ ಒಂದು ಬಾವಿಯ ಪಾಲುದಾರರು ಎಂದು ತಿಳಿಯಿತು, ಬೆಲೆ ಹೇಳಲಾಗದಷ್ಟು ಎಂದಿದ್ದಾರೆ, ದಯವಿಟ್ಟು ತಿಳಿಸಿ, ಅದು ಎಣ್ಣೆಯ ಬಾವಿಯೇ?

ನಾನು ಅದನ್ನು ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ.

"ನೀರೇ ಬಂದಿಲ್ಲ ಮೇಡಂ ಅದ್ರಲ್ಲಿ. ಎಣ್ಣೆ ಬಂದಿದ್ರೆ ನಮ್ಮಣ್ಣ ನಂಗೆ ಪಾಲು ಕೊಡ್ತಿದ್ನಾ?"

೩. ನಮಗೇನು ಕಡಿಮೆ

ಮನೆಯ ಪರಿಸ್ಥಿತಿ ಏನು, ಸಹಾಯ ಯಾಕೆ ಬೇಕು ಎಂದು ಹುಡುಗಿಯೇ ಒಂದು ಪುಟ ಬರೆಯಬೇಕಿತ್ತು. ಅದನ್ನು ನೋಡಿ ತಿದ್ದಿಕೊಡಲು ಒಂದು ಭಾನುವಾರ ಅವರ ಮನೆಗೆ ಹೋದೆ. ಕೆಲಸ ಅರ್ಧ ಗಂಟೆಯದು, ಊಟ ಎರಡು ಗಂಟೆಯದು. ಅಮ್ಮ ಹೋಳಿಗೆ ಮಾಡಿದ್ದರು. ನಾನು ಸಾಕು ಎಂದು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ತುಪ್ಪ ಸುರಿದರು. ಹಾಗೆ ಕೈ ಅಡ್ಡ ಹಿಡಿಯದೆ ಸುಮ್ಮನಿದ್ದಿದ್ದರೆ ಪಾಪ, ಅವರಿಗೆ ಬಡಿಸಲು ಹುರುಪೇ ಬರುತ್ತಿರಲಿಲ್ಲ.

ನಾನು ಕೈ ತೊಳೆದು ಬರುವಷ್ಟರಲ್ಲಿ ಅವರು ಲ್ಯಾಪ್‌ಟಾಪಿನ ಮುಂದೆ ನಿಂತು ಮಗಳು ಬರೆದದ್ದನ್ನು ಓದುತ್ತಿದ್ದರು. ಇಂಗ್ಲಿಷ್ ಬರುವುದಿಲ್ಲ ಎಂದು ಹೇಳಿಕೊಳ್ಳುತ್ತಾರೆ, ಆದರೆ ಬೇಕಾದದ್ದೆಲ್ಲ ಬರುತ್ತದೆ. ಅಜ್ಜಿಯ ಆಸ್ಪತ್ರೆ ಖರ್ಚು, ಫ್ಲ್ಯಾಟಿನ ಸಾಲ, ಅಮ್ಮ ತನಗಾಗಿ ಸೀರೆ ಕೊಳ್ಳದೆ ವರ್ಷಗಳಾದವು ಎಂಬುದು, ಎಲ್ಲ ಅಲ್ಲಿತ್ತು. ಅವರು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಲೇ ಇದ್ದರು.

"ನೀವೇ ಹೇಳಿ ಅಕ್ಕ, ನಮಗೇನು ಕಡಿಮೆಯಾಗಿದೆ? ಕಷ್ಟ ಅಂತ ಬರ್ದಿದಾಳೆ. ಇವಳಿಗೆ ನಾನು ಯಾವತ್ತು ಕಷ್ಟ ತೋರಿಸಿದೀನಿ?"

ಹುಡುಗಿ ಓಡಿ ಬಂದಳು. ಅವಳ ಕನ್ನಡ ಡೆಲ್ಲಿ ಕನ್ನಡ, ಕೋಪ ಬಂದರೆ ಹಿಂದಿ, ಅಳು ಬಂದರೆ ಇಂಗ್ಲಿಷ್.

"ಅಮ್ಮಾ, ಅದು ಕಷ್ಟ ನಹೀ ಹೈ. ಸಿಚುಯೇಷನ್ ಹೈ. ಆಂಟಿ, ನೀವೇ ಸಮ್ಜಾಯಿಸಿ ನಾ, ಪ್ಲೀಸ್."

ಏನಂತ ಸಮಜಾಯಿಸಲಿ? ಇಲ್ಲದ್ದು ಮಗಳಿಗೆ ಗೊತ್ತಾಗದ ಹಾಗೆ ಹದಿನೆಂಟು ವರ್ಷ ನಡೆಸಿದ್ದರು, ಮಗಳು ಎಲ್ಲವನ್ನೂ ನೋಡಿಕೊಂಡು ಗೊತ್ತಿಲ್ಲದ ಹಾಗೆ ಇದ್ದಳು. ಇಬ್ಬರ ಗುಟ್ಟೂ ಒಂದೇ ಪುಟದಲ್ಲಿ ಬಯಲಾಗಿತ್ತು. ನಾನು ಕೈ ತೊಳೆದಿದ್ದರೂ ಇನ್ನೊಂದು ಹೋಳಿಗೆ ಕೇಳಿದೆ. ಅಮ್ಮ ಒಳಗೆ ಓಡಿದರು.

ಕೊನೆಗೆ ರಾಜಿಯಾಯಿತು. ಮಗಳು ಬರೆದದ್ದು ಹಾಗೇ ಇರಲಿ, ಕೆಳಗೆ ಅಮ್ಮನ ಒಂದು ಸಾಲು ಸೇರಲಿ. ಮೇಲೆ ಹೇಳಿದ್ದೆಲ್ಲ ಇದ್ದರೂ ನಮಗೆ ಏನೂ ಕಡಿಮೆಯಿಲ್ಲ ಎಂದು ಅವರು ಹೇಳಿದರು, ಮಗಳು ಅನುವಾದಿಸಿ ಟೈಪ್ ಮಾಡಿದಳು. ಸಹಾಯ ಕೇಳುವ ಪತ್ರ ಹೀಗೆ ಮುಗಿದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಅಪ್ಪ ಅದನ್ನು ಓದಿ, ಚೆನ್ನಾಗಿದೆ ಆದರೆ ಕೊನೆಯಲ್ಲಿ ಏನೋ ಬಿಟ್ಟುಹೋಗಿದೆ ಅಂದರು. ಕೂತು ತಾವೇ ಸೇರಿಸಿದರು: 'ತಮ್ಮ ದಯಾಪೂರ್ವಕ ಅವಗಾಹನೆಗಾಗಿ.'

೪. ಆ ಕೂಗು ಯಾವ ಹಕ್ಕಿಯದು

ಅರ್ಜಿಯ ಜೊತೆ ಹುಡುಗಿ ತಾನು ಓಖ್ಲಾದಲ್ಲಿ ರೆಕಾರ್ಡ್ ಮಾಡಿದ ಹಕ್ಕಿಗಳ ಕೂಗನ್ನೂ ಕಳಿಸಿದ್ದಳು. ಅಲ್ಲಿನ ಸಂಗೀತದ ಪ್ರೊಫೆಸರ್ ಅದನ್ನು ಕೇಳಿ ಅವಳಿಗೆ ನೇರವಾಗಿ ಬರೆದರು. ಕೆಲಸ ಬಹಳ ಚೆನ್ನಾಗಿದೆ, ಆದರೆ ನಡುವೆ ಒಂದು ಕೂಗು ಬರುತ್ತದೆ, ದೂರದಿಂದ, ನೀರಿನ ಮೇಲಿಂದ ತೇಲಿಬಂದ ಹಾಗೆ. ಮೊದಲು ಗಿಡ್ಡ ಸ್ವರ, ಆಮೇಲೆ ಉದ್ದ ಎಳೆದು ತುದಿಯಲ್ಲಿ ಮೇಲಕ್ಕೆ ಹೋಗುತ್ತದೆ. ಎರಡನೇ ಸಲ ಸ್ವಲ್ಪ ಕೋಪವಿದ್ದ ಹಾಗಿದೆ. ತನ್ನಲ್ಲಿರುವ ಯಾವ ಸಂಗ್ರಹದಲ್ಲೂ ಇದು ಸಿಗಲಿಲ್ಲ, ಯಾವ ಹಕ್ಕಿ?

ಹುಡುಗಿ ಇಯರ್‌ಫೋನಿನ ಒಂದು ಬದಿಯನ್ನು ನನ್ನ ಕಿವಿಗೆ ಹಾಕಿದಳು. ಬಾತುಗಳು, ಟಿಟ್ಟಿಭ, ಯಾವುದೋ ಲಾರಿಯ ಹಾರನ್ನು. ಆಮೇಲೆ ದೂರದಿಂದ ಅಮ್ಮನ ದನಿ: ಸಾಕು ಬಾರೇಏಏ. ಪ್ರತಿ ಭಾನುವಾರ ಮಗಳ ಜೊತೆ ಹೋಗಿ, ಕೊಡೆ ಹಿಡಿದು, ಫ್ಲಾಸ್ಕಿಟ್ಟುಕೊಂಡು ದಡದಲ್ಲಿ ಕೂರುತ್ತಿದ್ದದ್ದು ಅವರೇ. ಬಿಸಿಲೇರಿದರೆ ಹಾಗೆ ಕೂಗುತ್ತಿದ್ದರು.

ಏನು ಉತ್ತರ ಬರೆಯುವುದು ಎಂದು ಹುಡುಗಿ ಉಗುರು ಕಚ್ಚಿದಳು. ಇದ್ದದ್ದನ್ನೇ ಬರೆ ಅಂದೆ. ಅದು ನನ್ನ ಅಮ್ಮ ಎಂದು ಬರೆದಳು. ದಯವಿಟ್ಟು ಅದನ್ನು ಅಲ್ಲಿಂದ ತೆಗೆಯಬೇಡ, ಇಡೀ ರೆಕಾರ್ಡಿಂಗಿನಲ್ಲಿ ತನಗೆ ಹೆಚ್ಚು ಇಷ್ಟವಾದದ್ದೇ ಅದು ಎಂದು ಪ್ರೊಫೆಸರ್ ಉತ್ತರ ಬಂತು.

ಇದನ್ನು ಅಮ್ಮನಿಗೆ ನಾನೇ ಹೇಳಿದೆ. ನಾಚಿಕೆಯಿಂದ ಅವರ ಮುಖ ಕೆಂಪಾಯಿತು. ಸೆರಗು ಸರಿಮಾಡಿಕೊಂಡು ಮೆಲ್ಲಗೆ ಹೇಳಿದರು.

"ಅವತ್ತು ಗಂಟಲು ಅಷ್ಟು ಸರಿ ಇರ್ಲಿಲ್ಲ ಅಕ್ಕ."

೫. ಒಂದೇ ಸಲ

ಸೀಟು ಸಿಕ್ಕಿತು. ಹಣಸಹಾಯವೂ ಸಿಕ್ಕಿತು, ಆದರೆ ಪೂರ್ತಿ ಅಲ್ಲ. ಫೀಸನ್ನೆಲ್ಲ ಅವರೇ ಕೊಟ್ಟು, ಹಾಸ್ಟೆಲ್, ಊಟ, ವಿಮೆ, ವಿಮಾನದ ಖರ್ಚನ್ನು ಮನೆಯವರಿಗೆ ಬಿಟ್ಟಿದ್ದರು. ಅದು ಅಪ್ಪನ ಒಂದು ವರ್ಷದ ಸಂಬಳದ ಹತ್ತಿರಕ್ಕೆ ಬರುತ್ತಿತ್ತು, ಅದೂ ಪ್ರತಿ ವರ್ಷ. ಕಾಲೇಜಿನ ಆ ಹೆಂಗಸು, ಅಂದರೆ ಎಣ್ಣೆ ಬಾವಿ ಎಂದು ಕೇಳಿದವರು, ಮನೆಯವರ ಜೊತೆ ವಿಡಿಯೊದಲ್ಲಿ ಮಾತಾಡುತ್ತೇನೆ ಎಂದು ತಾವಾಗಿಯೇ ಬರೆದರು. ನನಗೆ ಕುಣಿಯುವ ಹಾಗಾಯಿತು. ಹಾಗೆ ಬರೆದರೆ ಅರ್ಥ ಒಂದೇ: ಇನ್ನೂ ಬೇಕಿದ್ದರೆ ಕೇಳಿ, ನೋಡೋಣ.

ಸಂಜೆಯ ಹೊತ್ತಿಗೆ ಕಾಲ್ ಇತ್ತು. ನಾನೂ ಬರುತ್ತೇನೆ ಎಂದಿದ್ದೆ. ಆದರೆ ಮೆಟ್ರೊ ನಡುದಾರಿಯಲ್ಲಿ ನಿಂತಿತು, ಆಮೇಲೆ ಆಟೊ ಜಾಮಿನಲ್ಲಿ ನಿಂತಿತು. ನಾನು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಒಳಗೆ ಹೋದಾಗ ಕಾಲ್ ಮುಗಿದಿತ್ತು. ಅಪ್ಪ ಕೋಟು ಹಾಕಿಕೊಂಡು ಸೋಫಾದಲ್ಲಿ ಕೂತಿದ್ದರು. ಮುಖ ಬೆಳಗುತ್ತಿತ್ತು.

ಎಷ್ಟು ಒಳ್ಳೆಯ ಹೆಂಗಸು ಮೇಡಂ, ದೊಡ್ಡ ಮನಸ್ಸು ಎಂದು ಶುರುಮಾಡಿದರು. ಈ ಹಣ ನಿಮಗೆ ಸಾಕಾಗುತ್ತದಾ, ಇನ್ನೂ ಬೇಕಾ ಎಂದು ಅವರಾಗಿಯೇ ಬಾಯಿಬಿಟ್ಟು ಕೇಳಿದರಂತೆ. ನೀವು ಏನಂದಿರಿ ಎಂದು ಕೇಳಿದೆ.

"ಅಯ್ಯೋ ಬೇಡ ಮೇಡಂ, ಈಗಾಗ್ಲೇ ಬಹಳ ಮಾಡಿದೀರಿ, ಸಾಕು ಅಂದೆ."

ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತೆ. ಆಮೇಲೆ ಏನಾಯಿತು ಎಂದು ಕೇಳಿದೆ.

"ಎರಡನೇ ಸಲ ಕೇಳ್ತಾರೆ ಅಂತ ಕಾಯ್ತಾ ಇದ್ದೆ," ಅಂದರು. ಬೆಳಕು ಈಗ ಸ್ವಲ್ಪ ಸ್ವಲ್ಪವೇ ಮುಖದಿಂದ ಇಳಿಯತೊಡಗಿತ್ತು. "ಕೇಳ್ಲೇ ಇಲ್ಲ ಮೇಡಂ. ಸಂತೋಷ ಅಂತ ಹೇಳಿ ಇಟ್ಬಿಟ್ರು."

೬. ಎಲೆ ಮಡಚಿದ ಮೇಲೆ

ನನಗೆ ಕೋಪ ಬಂದರೆ ದನಿ ಏರುತ್ತದೆ. ಅವತ್ತು ಏರಿತು. ಇಷ್ಟೊಂದು ತಿಂಗಳ ಕೆಲಸವನ್ನು ಒಂದು ಮಾತಿನಲ್ಲಿ ಹಾಳುಮಾಡಿದಿರಲ್ಲ, ಅವರೇನು ನಿಮ್ಮ ಅತ್ತೆಮನೆಯವರಾ ಉಪಚಾರ ಮಾಡಿಸಿಕೊಳ್ಳಲು ಎಂದೆಲ್ಲ ಅಂದೆ. ಒಳಗಿನ ಕೋಣೆಯಿಂದ ಹುಡುಗಿ ಬಂದಳು. ಅತ್ತು ಕಣ್ಣು ಊದಿತ್ತು. ಅಪ್ಪನ ಪಕ್ಕದಲ್ಲಿ ಕೂತು, ಬೈಬೇಡಿ ಆಂಟಿ ಅಂದಳು. ನನ್ನ ದನಿ ತಾನಾಗಿ ಇಳಿಯಿತು.

ಅಪ್ಪನ ಹತ್ತಿರ ಒಂದು ದಾರಿ ಇತ್ತು. ಸ್ವಯಂ ನಿವೃತ್ತಿ ತೆಗೆದುಕೊಂಡರೆ ಒಟ್ಟಿಗೆ ಸ್ವಲ್ಪ ಹಣ ಬರುತ್ತದೆ, ಆಮೇಲಿನದು ಆಮೇಲೆ ಅಂದರು. ಆ ಸರ್ಕಾರಿ ಕೆಲಸ ಅಂದರೆ ಅವರಿಗೆ ಜೀವ ಎಂದು ಎಲ್ಲರಿಗೂ ಗೊತ್ತು. ಅಪ್ಪ ಕೆಲಸ ಬಿಟ್ಟರೆ ತಾನು ಹೋಗುವುದಿಲ್ಲ ಎಂದು ಹುಡುಗಿ ಅಂದಳು. ಇಬ್ಬರೂ ಹಠದವರು. ಅಮ್ಮ ಹಾರ್ಮೋನಿಯಂ ಮೇಲಿನ ಧೂಳು ಒರೆಸುತ್ತಿದ್ದರು.

ಹಾಗಾದರೆ ಇನ್ನೊಮ್ಮೆ ಬರೆದು ಕೇಳೋಣ ಅಂದೆ ನಾನು. ಅಪ್ಪ ಬೆಚ್ಚಿಬಿದ್ದರು.

"ಸಾಕು ಅಂತ ಹೇಳಿ ಆಗಿದೆ ಮೇಡಂ. ಎಲೆ ಮಡಚಿದ ಮೇಲೆ ಮತ್ತೆ ಬಿಡಿಸಿ ಅನ್ನ ಹಾಕಿ ಅನ್ನೋದಾ?"

ಇದಕ್ಕೆ ಉತ್ತರ ಹುಡುಗಿಗೆ ಹೊಳೆಯಿತು. ಅವತ್ತೇ ಕೂತು ಆ ಹೆಂಗಸಿಗೆ ತಾನೇ ಬರೆದಳು. ನನಗೆ ತೋರಿಸಿದ್ದು ಕಳಿಸಿದ ಮೇಲೆ. ನಮ್ಮ ಮನೆಯಲ್ಲಿ ಊಟಕ್ಕೆ ಕೂತವರು ಸಾಕು ಎಂದು ಕೈ ಅಡ್ಡ ಹಿಡಿಯುತ್ತಾರೆ, ಅದು ಬಡಿಸುವವರಿಗೆ ಕೊಡುವ ಮರ್ಯಾದೆ, ಹಸಿವು ತೀರಿತು ಎಂದಲ್ಲ. ಬಡಿಸುವವರು ಮತ್ತೆ ಕೇಳಬೇಕು, ಮೂರನೇ ಸಲವೂ ಕೇಳಬೇಕು, ಅದು ಅವರು ಕೊಡುವ ಮರ್ಯಾದೆ. ನನ್ನ ಅಪ್ಪ ತಮ್ಮ ಪಾಲಿನದನ್ನು ಸರಿಯಾಗಿ ಮಾಡಿದ್ದಾರೆ. ನೀವು ಒಂದೇ ಸಲ ಕೇಳಿದಿರಿ.

ಕೊನೆಯ ಸಾಲನ್ನು ನಾನು ಎರಡು ಸಲ ಓದಿದೆ. ಹಣ ಕೊಡುವವರಿಗೆ ಹೀಗೆ ಬರೆಯುತ್ತಾರಾ? ಮುಗಿಯಿತು ಅಂದುಕೊಂಡೆ. ಆದರೆ ಕೆಲವು ದಿನಗಳಾದ ಮೇಲೆ ಚುಟುಕಾದ ಉತ್ತರ ಬಂತು. ತಪ್ಪಾಯಿತು, ಮತ್ತೆ ಕಾಲ್ ಮಾಡುತ್ತೇನೆ, ಈ ಸಲ ಪದ್ಧತಿಯ ಪ್ರಕಾರ.

ಈ ಸಲ ನಾನು ಮಧ್ಯಾಹ್ನವೇ ಹೋಗಿ ಕೂತೆ. ಪರದೆಯ ಮೇಲೆ ಬೆಳ್ಳಿ ಕೂದಲು, ದಪ್ಪ ಕನ್ನಡಕದ ಒಬ್ಬರು ಬಂದರು. ನಮಸ್ಕಾರ ಆದ ಮೇಲೆ ಒಂದು ಸಲ ಕೆಮ್ಮಿ, ನೆಟ್ಟಗೆ ಕೂತು, ಅಪ್ಪನನ್ನು ಕೇಳಿದರು. ನಿಮಗೆ ಇನ್ನಷ್ಟು ಸಹಾಯ ಬೇಕೇ? ಇವರು ನೋ ನೋ ಮೇಡಂ, ಯು ಹ್ಯಾವ್ ಡನ್ ಸೋ ಮಚ್ ಅಂದರು. ನಾನು ಕಣ್ಣು ಮುಚ್ಚಿಕೊಂಡೆ. ಅವರು ತಲೆಯಾಡಿಸಿ, ಒಂದು ಗುಟುಕು ನೀರು ಕುಡಿದು, ಸ್ವಲ್ಪವಾದರೂ ಹಾಕಿಸಿಕೊಳ್ಳಿ ಎಂಬ ಧಾಟಿಯಲ್ಲಿ ಎರಡನೇ ಸಲ ಕೇಳಿದರು. ಅಪ್ಪ ಈಗ ಲ್ಯಾಪ್‌ಟಾಪಿನ ಮೇಲೆ ಕೈಯನ್ನೇ ಅಡ್ಡ ಹಿಡಿದುಬಿಟ್ಟರು. ಅದು ನಟನೆಯಲ್ಲ. ಜನ್ಮದಲ್ಲಿ ಯಾರ ಹತ್ತಿರವೂ ಕೈ ಚಾಚದ ಮನುಷ್ಯ.

ಆ ಹೆಂಗಸು ಕನ್ನಡಕ ತೆಗೆದು ಮುಂದಕ್ಕೆ ಬಾಗಿದರು. ಮೂರನೇ ಸಲ, ಮೆಲ್ಲಗೆ, ಮಗುವಿಗೋಸ್ಕರ ಅಂದರು.

ಅಪ್ಪ ಹೆಂಡತಿಯ ಕಡೆ ನೋಡಿದರು. ಅಮ್ಮ ಬಾಗಿಲ ಹತ್ತಿರ ನಿಂತಿದ್ದರು.

"ಹಾಕಿಸ್ಕೊಳ್ರೀ," ಅಂದರು.

ಅಪ್ಪ ಕೈ ತೆಗೆದರು. "ಹಾಫ್, ಮೇಡಂ."

ಹಾಫ್ ಅಂದರೆ ಯಾವುದರಲ್ಲಿ ಅರ್ಧ ಎಂದು ಅಲ್ಲಿ ಗೊಂದಲವಾಯಿತು. ಅವರು ಪೆನ್ನು ಹಿಡಿದು ಏನೋ ಭಾಗಿಸುವುದಕ್ಕೆ ಹೊರಟರು. ಹುಡುಗಿ ಅಪ್ಪನ ಭುಜದ ಮೇಲಿಂದ ಮುಖ ಚಾಚಿ, ತಡೆಯಿರಿ ಎಂದು ಕೈಮಾಡಿ, ಇಂಗ್ಲಿಷಿನಲ್ಲಿ ಹೇಳಿದಳು. ನನ್ನ ಅಪ್ಪ ಅರ್ಧ ಅಂದರೆ ಪೂರ್ತಿ ಎಂದು ಅರ್ಥ.

೭. ಒತ್ತುವ ಮುಂಚೆ

ಆ ಹೆಂಗಸು ಕಮಿಟಿಯ ಮುಂದೆ ಇಡುತ್ತೇನೆ, ಮಾತು ಕೊಡಲಾರೆ ಅಂದಿದ್ದರು. ಆ ದಿನಗಳಲ್ಲಿ ಅಪ್ಪ ನನಗೆ ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ. ಶಾಲೆಯ ಕಾರಿಡಾರಿನಲ್ಲಿ ಹುಡುಗಿ ಎದುರಾದರೆ ಇಬ್ಬರೂ ಹವೆಯ ಬಗ್ಗೆ ಮಾತಾಡುತ್ತಿದ್ದೆವು. ಡೆಲ್ಲಿಯಲ್ಲಿ ಹವೆಗೇನು, ಮಾತಾಡಿದಷ್ಟೂ ಇರುತ್ತದೆ.

ಒಂದು ಬೆಳಿಗ್ಗೆ ನಾನು ಮೆಟ್ರೊದಲ್ಲಿ ನಿಂತಿದ್ದಾಗ ಅಪ್ಪನ ಫೋನು ಬಂತು. ಬಂತು ಮೇಡಂ ಅಂದರು. ಹಾಸ್ಟೆಲು, ಊಟ, ವಿಮೆ, ಹೋಗಿಬರುವ ವಿಮಾನ, ಚಳಿಗೆ ಕೋಟು ಕೊಳ್ಳಲು ಕೂಡ. ನಾಲ್ಕೂ ವರ್ಷ. ನಾನು ಕಂಬಿ ಹಿಡಿದುಕೊಂಡೇ ಕಣ್ಣು ಒರೆಸಿಕೊಂಡೆ. ಪಕ್ಕದಲ್ಲಿ ನಿಂತಿದ್ದ ಹುಡುಗಿಯೊಬ್ಬಳು, ಆಂಟೀಜಿ ಎಲ್ಲ ಸರಿ ಇದೆಯಾ ಎಂದು ಹಿಂದಿಯಲ್ಲಿ ಕೇಳಿ ತನ್ನ ಸೀಟು ಬಿಟ್ಟುಕೊಟ್ಟಳು. ನಾನು ಬೇಡ ಅನ್ನದೆ ಒಂದೇ ಸಲಕ್ಕೆ ಕೂತೆ.

ಅಪ್ಪ ಇನ್ನೂ ಫೋನಿನಲ್ಲೇ ಇದ್ದರು. ಒಂದು ಸಣ್ಣ ಅನುಮಾನ ಇದೆ ಎಂದರು. ಪರದೆಯ ಮೇಲೆ ಎರಡು ಗುಂಡಿ ಇವೆಯಂತೆ, ಒಂದರಲ್ಲಿ ಒಪ್ಪಿದ್ದೇವೆ ಎಂದಿದೆ, ಇನ್ನೊಂದರಲ್ಲಿ ಬೇಡ ಎಂದಿದೆ.

"ತಪ್ಪು ತಿಳ್ಕೋಬೇಡಿ ಮೇಡಂ. ಇಷ್ಟೊಂದು ಕೊಟ್ಟಿದಾರೆ. ಮರ್ಯಾದೆಗೆ ಒಂದ್ಸಲ ಬೇಡ ಅಂತ ಒತ್ತಿ, ಆಮೇಲೆ ಒಪ್ಪಿದೀವಿ ಅಂತ ಒತ್ತಬಹುದಾ?"

ನಾನು ಮೆಟ್ರೊದಲ್ಲಿದ್ದೇನೆ ಎನ್ನುವುದನ್ನು ಮರೆತು ಕಿರುಚಿದೆ. ಮುಟ್ಟಬೇಡಿ, ಕೈ ತೆಗೆಯಿರಿ, ಲ್ಯಾಪ್‌ಟಾಪಿನಿಂದ ದೂರ ಹೋಗಿ ಅಂದೆ. ಇಡೀ ಬೋಗಿ ನನ್ನ ಕಡೆ ತಿರುಗಿತು. ಆ ಕಡೆಯಿಂದ ಒಂದು ವಿಚಿತ್ರ ಸದ್ದು ಬಂತು. ಅಪ್ಪ ನಗುತ್ತಿದ್ದರು. ಅಷ್ಟು ದಿನದ ಪರಿಚಯದಲ್ಲಿ ಅವರು ನಕ್ಕದ್ದನ್ನು ನಾನು ಕೇಳಿ ಗೊತ್ತೇ ಇರಲಿಲ್ಲ.

"ಎಲ್ಲಿ ಮೇಡಂ ಒತ್ತೋದು? ನಾನು ಕನ್ನಡಕ ಹುಡ್ಕೋಷ್ಟರಲ್ಲಿ ಮಗಳು ಒಪ್ಪಿದೀವಿ ಅಂತ ಒತ್ತಿ ಆಗಿತ್ತು. ಡೆಲ್ಲೀಲಿ ಬೆಳೆದೋಳು ನೋಡಿ, ಒಂದೇ ಸಲ ಕೇಳಿದ್ದಕ್ಕೇ ಹೂಂ ಅಂದ್ಬಿಟ್ಲು."